ರಾಜಧನಕ್ಕೆ ಶೇ 18, ಜಲ್ಲಿಗೆ ಶೇ 5: ಈ ಅಂತರ ಅಳಿಯಲಿ

ಖನಿಜವನ್ನು ತೆಗೆಯುವ ಹಕ್ಕಿಗಾಗಿ ಗುತ್ತಿಗೆದಾರರು ಸರ್ಕಾರಕ್ಕೆ ಸಲ್ಲಿಸುವ ಮೊತ್ತವೇ ರಾಜಧನ. 1989ರ ಇಂಡಿಯಾ ಸಿಮೆಂಟ್ ಪ್ರಕರಣದಲ್ಲಿ ಇದನ್ನು ತೆರಿಗೆಯೆಂದು ಕರೆದಿದ್ದ ಸುಪ್ರೀಂ ಕೋರ್ಟು, 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ 8:1ರ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿ, ರಾಜಧನವು ಗುತ್ತಿಗೆ ಕರಾರಿನಿಂದ ಹುಟ್ಟುವ ಪ್ರತಿಫಲವೆಂದು ಸಾರಿತು. ಇದರಿಂದ ‘ತೆರಿಗೆಯ ಮೇಲೆ ತೆರಿಗೆ’ ಎಂಬ ಹಳೆಯ ಆಕ್ಷೇಪದ ಬಲ ಕುಂದಿದ್ದು, ವಾದವು ಈಗ ದರದ ನ್ಯಾಯಕ್ಕೆ ಬಂದು ನಿಂತಿದೆ.

ಗಣಿ ಹಕ್ಕು ನೀಡುವುದನ್ನು ಸರ್ಕಾರದ ಸೇವೆಯೆಂದು ಪರಿಗಣಿಸಿ ರಾಜಧನದ ಮೇಲೆ ಶೇ 18ರ ಜಿಎಸ್‌ಟಿ ವಿಧಿಸಲಾಗುತ್ತಿದ್ದು, 2017ರ ಜುಲೈ 1ರಿಂದಲೇ ಈ ದರ ಅನ್ವಯವೆಂದು 2021ರ ಅಕ್ಟೋಬರ್ 6ರ ಸುತ್ತೋಲೆ ತಿಳಿಸಿತು. ರಿವರ್ಸ್ ಚಾರ್ಜ್, ಅಂದರೆ ಸೇವೆ ಪಡೆದವರೇ ತೆರಿಗೆ ಕಟ್ಟುವ ಪದ್ಧತಿ, ಇಲ್ಲಿ ಜಾರಿಯಲ್ಲಿರುವುದರಿಂದ ಗುತ್ತಿಗೆದಾರರು ಇದನ್ನು ನಗದಾಗಿಯೇ ಪಾವತಿಸಿ, ಆನಂತರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ರೂಪದಲ್ಲಿ ತಮ್ಮ ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬೇಕು.

ತೊಡಕು ಹುಟ್ಟುವುದು ಇಲ್ಲಿಯೇ. ಸಂಡೂರಿನಂತಹ ಕಡೆ ತೆಗೆಯುವ ಕಬ್ಬಿಣದ ಅದಿರಿನ ಮೇಲಿನ ಜಿಎಸ್‌ಟಿ ದರ 2022ರ ಜುಲೈ 18ರಿಂದ ಶೇ 18ಕ್ಕೆ ಏರಿದ್ದರಿಂದ ಅಲ್ಲಿ ರಾಜಧನದ ಮತ್ತು ಮಾರಾಟದ ದರಗಳು ಸಮವಾಗಿವೆ. ಆದರೆ ಮರಳು, ಜಲ್ಲಿಯಂತಹ ಉಪಖನಿಜಗಳು ಶೇ 5ರ ದರದಲ್ಲಿ ಮಾರಾಟವಾಗುವುದರಿಂದ, ರಾಜಧನ, ಸ್ಫೋಟಕ, ಯಂತ್ರ ಮುಂತಾದವುಗಳ ಮೇಲೆ ತೆತ್ತ ತೆರಿಗೆ ಮಾರಾಟದ ತೆರಿಗೆಯನ್ನು ಮೀರಿದಾಗ ಉಳಿದ ಕ್ರೆಡಿಟ್ ಲೆಕ್ಕದಲ್ಲಿಯೇ ಕೊಳೆಯುತ್ತದೆ. ಇಂತಹ ಸಂದರ್ಭದಲ್ಲಿ ಯಂತ್ರೋಪಕರಣಗಳಲ್ಲದ ಸರಕುಗಳ ಮೇಲಿನ ತೆರಿಗೆಗೆ ಮರುಪಾವತಿ ಉಂಟಾದರೂ ಸೇವೆಗಳ ಮೇಲಿನದಕ್ಕೆ ಇಲ್ಲವೆಂಬ ನಿಯಮವನ್ನು ಸುಪ್ರೀಂ ಕೋರ್ಟು 2021ರ ವಿಕೆಸಿ ಫುಟ್‌ಸ್ಟೆಪ್ಸ್ ತೀರ್ಪಿನಲ್ಲಿ ಎತ್ತಿಹಿಡಿದಿರುವುದರಿಂದ, ಸೇವೆಯೆನಿಸಿದ ರಾಜಧನದ ತೆರಿಗೆ ಹಿಂದಿರುಗುವ ದಾರಿಯೇ ಮುಚ್ಚಿದೆ. ಹಾಗೆ ಸಿಕ್ಕಿಕೊಂಡ ಹಣ ಕಡೆಗೆ ಜಲ್ಲಿಯ ಬೆಲೆಯಲ್ಲಿ ಸೇರಿ, ಮನೆ ಕಟ್ಟುವ ಕುಟುಂಬದ ಮೇಲೂ ಊರಿನ ರಸ್ತೆ, ಶಾಲೆ, ಚರಂಡಿಗಳ ಕಾಮಗಾರಿಯ ಮೇಲೂ ಬೀಳುತ್ತದೆ.

ರಾಜಧನದ ಮೇಲಿನ ಜಿಎಸ್‌ಟಿ ದರ ಇಳಿಸಿದರೆ ಬೊಕ್ಕಸಕ್ಕೆ ನಷ್ಟವಾಗುತ್ತದೆಂಬ ಪ್ರತಿವಾದ ನಿಲ್ಲುವುದಿಲ್ಲ. ಕ್ರೆಡಿಟ್ ಪೂರ್ತಿ ಬಳಕೆಯಾಗುವ ಕಡೆ ಆದಾಯದಲ್ಲಿ ವ್ಯತ್ಯಾಸವಾಗದು. ಕ್ರೆಡಿಟ್ ಸಿಕ್ಕಿಕೊಂಡ ಕಡೆ ಬರುವ ಹೆಚ್ಚುವರಿ ಹಣವು ಮೌಲ್ಯವರ್ಧನೆಯ ಮೇಲಷ್ಟೇ ತೆರಿಗೆ ಎಂಬ ಜಿಎಸ್‌ಟಿಯ ಮೂಲತತ್ತ್ವಕ್ಕೇ ವಿರುದ್ಧವಾದುದು. ರಾಜ್ಯಕ್ಕೆ ಸಲ್ಲುವ ರಾಜಧನವಂತೂ ಒಂದು ರೂಪಾಯಿಯೂ ಕಡಿಮೆಯಾಗದು.

ಆದುದರಿಂದ ಜಿಎಸ್‌ಟಿ ಮಂಡಳಿಯು:

1. ಉಪಖನಿಜಗಳ ರಾಜಧನಕ್ಕೆ ಆಯಾ ಖನಿಜದ ಮಾರಾಟದ ದರವನ್ನೇ ಅನ್ವಯಿಸಬೇಕು.

2. ಅಲ್ಲಿಯವರೆಗೆ, ರಾಜಧನದ ಮೇಲೆ ಕಟ್ಟಿ ಬಳಕೆಯಾಗದೆ ಉಳಿದ ತೆರಿಗೆಗೆ ಮರುಪಾವತಿ ದೊರೆಯುವಂತೆ ಕಾನೂನು ತಿದ್ದುಪಡಿಗೆ ಶಿಫಾರಸು ಮಾಡಬೇಕು.

ಮಂಡಳಿಯಲ್ಲಿ ಕರ್ನಾಟಕಕ್ಕೂ ಮತವಿದೆ. ಆ ಮತ ಈ ಬೇಡಿಕೆಗಳ ಪರವಾಗಿ ಚಲಾವಣೆಯಾಗುವಂತೆ ಪ್ರತಿಯೊಬ್ಬ ನಾಗರಿಕರೂ ತಮ್ಮ ಕ್ಷೇತ್ರದ ಶಾಸಕರನ್ನು ಲಿಖಿತವಾಗಿ ಒತ್ತಾಯಿಸಬೇಕು.