ತಾರಸಿ ಊಟದ ಕೊನೆಯ ಪಂಕ್ತಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಎರಡರಲ್ಲೂ ಊಟ ಹಾಕಿಸದೆ ಗತಿಯಿಲ್ಲ. ಮದುವೆ ಊಟದ ಬಗ್ಗೆ ನಾವು ಹೆಂಗಸರು ವರ್ಷಗಟ್ಟಲೆ ಮಾತಾಡುತ್ತೇವೆ. ತಾರಸಿ ಹಾಕಿದ ದಿನದ ಊಟದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ.

ನಂಜನಗೂಡಿನ ಹೊಸ ಬಡಾವಣೆಯಾಗಲಿ, ತಿ. ನರಸೀಪುರದ ಹಳೇ ಬೀದಿಯಾಗಲಿ, ತಾರಸಿ ಮುಗಿದ ಸಂಜೆ ಕೆಲಸದವರಿಗೆ ಬಾಡೂಟ ಹಾಕಿಸುವುದು ನಮ್ಮ ಕಡೆಯ ರೂಢಿ. ಒಳ್ಳೆಯ ರೂಢಿಯೇ. ಆದರೆ ಆ ಊಟಕ್ಕೆ ಮೊದಲು ಕೂರುವವರು ಯಾರು, ಕೊನೆಗೆ ಕೂರುವವರು ಯಾರು, ನೋಡಿದ್ದೀರಾ? ನಾನು ಕಂಡ ಕಡೆಗಳಲ್ಲೆಲ್ಲ ಮೇಸ್ತ್ರಿ, ಗಾರೆಯವರು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು ಮೊದಲ ಪಂಕ್ತಿ. ಬಾಂಡಲಿ ಹೊತ್ತ ಹೆಣ್ಣಾಳುಗಳು ಅಷ್ಟು ಹೊತ್ತೂ ಸಲಿಕೆ, ಬಾಂಡಲಿ ತೊಳೆಯುತ್ತಾ ಇರುತ್ತಾರೆ. ಅವರ ಸರದಿ ಬರುವ ಹೊತ್ತಿಗೆ ಪಾತ್ರೆಯಲ್ಲಿ ಉಳಿಯುವುದು ಸಾರು ಮತ್ತು ಮೂಳೆ. ಅದರಲ್ಲೂ ಅರ್ಧವನ್ನು ಮಕ್ಕಳಿಗೆಂದು ಡಬ್ಬಿಗೆ ತುಂಬಿಕೊಳ್ಳುತ್ತಾರೆ.

ತಾರಸಿ ಕೆಲಸ ಬೇರೆ ಕೆಲಸದಂತಲ್ಲ. ನೀರು ಬಿದ್ದ ಸಿಮೆಂಟು ಯಾರಿಗೂ ಕಾಯುವುದಿಲ್ಲ, ಅರ್ಧ ಮುಕ್ಕಾಲು ಗಂಟೆಯಲ್ಲೇ ಬಿಗಿಯತೊಡಗುತ್ತದೆ. ನಡುವೆ ನಿಲ್ಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆಯಾಗದೆ ಮುಂದೆ ಅಲ್ಲೇ ನೀರು ಸೋರುತ್ತದೆ. ಹಾಗಾಗಿ ಮಿಕ್ಸರ್ ತಿರುಗಲು ಶುರುವಾದರೆ ಮುಗಿಯುವ ತನಕ ಕೈಯಿಂದ ಕೈಗೆ ಬಾಂಡಲಿ ಓಡುತ್ತಲೇ ಇರಬೇಕು. ನೀರು ಕುಡಿಯಲು ಪುರುಸೊತ್ತಿಲ್ಲ. ಬಹಿರ್ದೆಸೆಗೆ ಹೋಗಲು ಮರೆಯಿಲ್ಲ. ಗಂಡಸು ಗೋಡೆಯ ಹಿಂದೆ ಹೋಗಿ ಬರುತ್ತಾನೆ, ಹೆಂಗಸು ಬೆಳಗಿನಿಂದ ಸಂಜೆಯ ತನಕ ತಡೆದುಕೊಳ್ಳುತ್ತಾಳೆ. ನಮ್ಮ ಮಾಡು ಸೋರದಿರುವುದು ಆ ತಾಳ್ಮೆಯಿಂದ.

ದೂರದ ಮೆಕ್ಸಿಕೋದಲ್ಲಿ ಮೇ 3 ಕಟ್ಟಡ ಕೆಲಸದವರ ಹಬ್ಬ. ಕಟ್ಟುತ್ತಿರುವ ಮನೆಯ ಮೇಲೆ ಹೂವಿನ ಶಿಲುಬೆ ನಿಲ್ಲಿಸಿ, ಮನೆ ಕಟ್ಟಿಸುವವರೇ ಊಟ ಹಾಕಿಸುತ್ತಾರೆ. ಕೆಂಡದಲ್ಲಿ ಸುಟ್ಟ ಮಾಂಸ, ಮುಸುಕಿನ ಜೋಳದ ರೊಟ್ಟಿ, ಖಾರದ ಗೊಜ್ಜು. ನಮ್ಮ ಬಾಡಿನ ಸಾರಿನ ಮೆಣಸಿನಕಾಯಿ, ಟೊಮೇಟೊ ಎರಡೂ ಆ ಸೀಮೆ ಕಡೆಯಿಂದಲೇ ಬಂದವು. ಅಲ್ಲಿ ಆ ಊಟ ದುಡಿದವರ ಹಕ್ಕಿನಂತೆ, ವರ್ಷಕ್ಕೊಂದು ದಿನವಾಗಿ ನಿಂತಿದೆ. ಇಲ್ಲಿ ನಾವು ಅದನ್ನು ನಮ್ಮ ಧಾರಾಳತನ ಎಂದುಕೊಂಡಿದ್ದೇವೆ.

'ಕೂಲಿ ಗೊತ್ತು ಮಾಡುವವನು ಮೇಸ್ತ್ರಿ, ನಾವೇನು ಮಾಡೋಣ?' ಎನ್ನುತ್ತೀರಿ. ಗಾರೆ ಕಲಿತವನಿಗೆ ಹೆಚ್ಚು ಕೊಡಿ, ನನ್ನ ತಕರಾರಿಲ್ಲ. ಆದರೆ ಅದೇ ಬಾಂಡಲಿ, ಅದೇ ಜಲ್ಲಿ, ಅದೇ ಏಣಿ ಇರುವಾಗ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಏಕೆ? ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಕಾನೂನು ಬಂದದ್ದು 1976ರಲ್ಲಿ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಡೆ ಅವರ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಾನೂನು ಹೇಳಿತು. ಆರೇಳು ಹೆಣ್ಣಾಳು ದುಡಿಯುವ ನಮ್ಮ ಸೈಟುಗಳ ಕೂಸು ಇವತ್ತಿಗೂ ಮರಳಿನ ರಾಶಿಯ ಮೇಲೇ ಮಲಗಿರುತ್ತದೆ.

ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯಿದೆ. ಆ ದಿನ ಸೌಟು ನಮ್ಮ ಕೈಯಲ್ಲೇ ಇರುತ್ತದಲ್ಲ, ಅದನ್ನು ಬಳಸೋಣ. 1989ರಿಂದ ತಿರುಮಕೂಡಲಿನಲ್ಲಿ ಕುಂಭಮೇಳ ನಡೆಯುತ್ತಿದೆ. ಸಂಗಮದ ಒಂದೇ ನೀರಿನಲ್ಲಿ ಮುಳುಗುವ ನಾವು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲಾರೆವೇ? ನಮ್ಮ ಬಚ್ಚಲ ಬಾಗಿಲನ್ನು ಆ ಒಂದು ದಿನ ಅವರಿಗೆ ತೆರೆಯಲಾರೆವೇ? ಕೂಲಿ ಮಾತಾಡುವಾಗಲೇ 'ಹೆಣ್ಣಾಳಿಗೂ ಅಷ್ಟೇ' ಎಂದು ಮೇಸ್ತ್ರಿಗೆ ಹೇಳಿ. ಡಬ್ಬಿಗೆ ಹಾಕುವುದನ್ನು ಎಲೆಗೆ ಬಡಿಸುವ ಮೊದಲೇ ಎತ್ತಿಡಿ, ಮೂಳೆಯನ್ನಲ್ಲ, ತುಂಡನ್ನು.