ಗುಳಿಗಿ ಜಿಲ್ಲಾಸ್ಪತ್ರೆಯಲ್ಲಿ, ತುರಿಕೆಗೆ ಮದ್ದು ಊರ ಮೆಡಿಕಲ್‌ನಲ್ಲಿ: ಹೆಪಟೈಟಿಸ್ ಚಿಕಿತ್ಸೆ ದಾರಿ ತಪ್ಪೋದೇ ಇಲ್ಲಿ

ಸಿಂಧನೂರು: ಪ್ರತಿ ವರ್ಷ ಜುಲೈ 28 ಬಂತೆಂದರೆ ವಿಶ್ವ ಹೆಪಟೈಟಿಸ್ ದಿನ ಅಂತ ಬ್ಯಾನರ್, ಜಾಥಾ, ಭಾಷಣ ಎಲ್ಲಾ ನಡೆಯುತ್ತೆ. ಪರೀಕ್ಷೆ ಮಾಡಿಸಿಕೊಳ್ಳಿ, ಚಿಕಿತ್ಸೆ ಉಚಿತ ಎನ್ನುತ್ತಾರೆ. ಹೇಳೋದು ಸರಿಯೇ. ಆದರೆ ಗುಳಿಗಿ ಶುರು ಮಾಡಿ ಹತ್ತು ಹದಿನೈದು ದಿನಕ್ಕೆ ಮೈಯೆಲ್ಲಾ ಕೆಂಪು ಗುಳ್ಳೆ ಎದ್ದು, ರಾತ್ರಿ ನಿದ್ದೆ ಬಾರದಷ್ಟು ತುರಿಕೆ ಬಂದರೆ ಏನು ಮಾಡಬೇಕು ಅನ್ನೋದನ್ನ ಬ್ಯಾನರಿನಲ್ಲಿ ಬರೆಯೋದು ಅಪರೂಪ.

ತುರಿಕೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ಸಣ್ಣ ವಿಷಯಕ್ಕೆ ಊರಲ್ಲಿ ಮಾಡಿಕೊಳ್ಳೋ ಸಣ್ಣ ಪುಟ್ಟ ಮದ್ದುಗಳೇ ದೊಡ್ಡ ಚಿಕಿತ್ಸೆಯನ್ನು ಕೆಡಿಸಬಲ್ಲವು.

ಮೊದಲು ಯಾವ ಕಾಮಾಲೆ ಅಂತ ತಿಳಿಯಬೇಕು. ಮಳೆಗಾಲದಲ್ಲಿ ಕೊಳಕು ನೀರಿನಿಂದ ಬರೋ ಹೆಪಟೈಟಿಸ್ ಎ ಮತ್ತು ಇ ಬಹುತೇಕ ಜನರಲ್ಲಿ ತಾನಾಗೇ ವಾಸಿಯಾಗುತ್ತೆ. ನಾಟಿ ಔಷಧಿ ಕೊಡೋರಿಗೆ ಒಳ್ಳೆ ಹೆಸರು ಬಂದಿರೋದರಲ್ಲಿ ಇದರ ಪಾಲು ದೊಡ್ಡದು. ಹೆಪಟೈಟಿಸ್ ಬಿ ಮತ್ತು ಸಿ ಬೇರೆ ಜಾತಿ. ರಕ್ತದಿಂದ ಹರಡುತ್ತವೆ, ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ತಿನ್ನುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ 2022ರಲ್ಲಿ ಭಾರತದಲ್ಲಿ ಬಿ ಇದ್ದವರು 2.98 ಕೋಟಿ, ಸಿ ಇದ್ದವರು 55 ಲಕ್ಷ. ಚೀನಾ ಬಿಟ್ಟರೆ ನಾವೇ.

ಈ ಎರಡಕ್ಕೂ ಈಗ ಗುಳಿಗಿ ಇದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಿ ಇದ್ದವರಿಗೆ ಲಿವರ್ ಗಟ್ಟಿಯಾಗಿಲ್ಲದಿದ್ದರೆ ಸೋಫೋಸ್ಬುವಿರ್ ಜೊತೆ ಡಕ್ಲಾಟಾಸ್ವಿರ್, 12 ವಾರ. ಲಿವರ್ ಸಿರೋಸಿಸ್ ಆಗಿದ್ದರೆ ಸೋಫೋಸ್ಬುವಿರ್ ಜೊತೆ ವೆಲ್ಪಟಾಸ್ವಿರ್. ಹೊಟ್ಟೆಯಲ್ಲಿ ನೀರು ತುಂಬುವಷ್ಟು ಕೆಟ್ಟಿದ್ದರೆ ರಿಬಾವಿರಿನ್ ಕೂಡ ಸೇರಿಸುತ್ತಾರೆ. ಇದೇ ಸೋಫೋಸ್ಬುವಿರ್ 2013ರ ಕೊನೆಗೆ ಅಮೆರಿಕದಲ್ಲಿ ಬಂದಾಗ 12 ವಾರದ ಕೋರ್ಸಿಗೆ 84,000 ಡಾಲರ್ ಇತ್ತು. 2015ರಲ್ಲಿ ಭಾರತದ ಜನರಿಕ್ ಬಂದಾಗ 28 ಗುಳಿಗಿಯ ಒಂದು ಡಬ್ಬಿಗೆ 19,900 ರೂಪಾಯಿ. ಈಗ ಪುಕ್ಕಟೆ. ಅಂಥಾ ಔಷಧಿಯನ್ನ ತುರಿಕೆ ಬಂತು ಅಂತ ಅರ್ಧಕ್ಕೆ ಬಿಡೋದು ಎಂಥಾ ನಷ್ಟ ಅಂತ ಅಂಗಡಿ ಲೆಕ್ಕ ಬರೆಯೋರಿಗೆ ಬೇರೆ ಹೇಳಬೇಕಿಲ್ಲ.

ತುರಿಕೆ ಎಲ್ಲಿಂದ ಬಂತು?

ಇದೇ ಗೊಂದಲದ ಮೂಲ. ರಿಬಾವಿರಿನ್ ತಗೊಳ್ಳೋರಲ್ಲಿ ಚರ್ಮ ಒಣಗೋದು, ತುರಿಕೆ, ಎಸ್ಜಿಮಾ ತರದ ಗುಳ್ಳೆ ಸಾಮಾನ್ಯ. ಹೊಸ ಗುಳಿಗಿಗಳಲ್ಲಿ ಇದು ಬಹಳ ಕಮ್ಮಿ, ಆದರೆ ಇಲ್ಲವೇ ಇಲ್ಲ ಅನ್ನೋಹಾಗಿಲ್ಲ. ಹೆಪಟೈಟಿಸ್ ಬಿಗೆ ಕೊಡೋ ಟೆನೋಫೋವಿರ್, ಎಂಟೆಕಾವಿರ್‌ನಿಂದಲೂ ಕೆಲವರಿಗೆ ದದ್ದು ಬರುತ್ತೆ.

ಆದರೆ ತುರಿಕೆ ಬಂತು ಅಂದ ಮಾತ್ರಕ್ಕೆ ಗುಳಿಗಿಯದೇ ತಪ್ಪು ಅಂತಲೂ ಅಲ್ಲ. ಲಿವರ್ ಕಾಯಿಲೆಯೇ ತುರಿಕೆ ತರುತ್ತೆ. ಪಿತ್ತರಸ ಸರಿಯಾಗಿ ಹರಿಯದೆ ನಿಂತಾಗ ಅಂಗೈ, ಅಂಗಾಲು ಕೆರೆಯೋಕೆ ಶುರುವಾಗುತ್ತೆ, ರಾತ್ರಿ ಹೆಚ್ಚು. ಗುಳ್ಳೆ ಇರಲ್ಲ, ಕೆರೆದ ಗೀರು ಮಾತ್ರ ಇರುತ್ತೆ. ಔಷಧಿಯ ದದ್ದು ಹಾಗಲ್ಲ, ಸಾಮಾನ್ಯವಾಗಿ ಎದೆ, ಬೆನ್ನು, ಹೊಟ್ಟೆ ಮೇಲೆ ಎರಡೂ ಕಡೆ ಕೆಂಪಗೆ ಏಳುತ್ತೆ. ಇನ್ನು ನಮ್ಮ ಕಡೆ ಮೂರನೇದೂ ಇದೆ. ಎಡದಂಡೆ ಕಾಲುವೆ ಕೆಳಗೆ ಭತ್ತದ ಗದ್ದೆಯಲ್ಲಿ ಇಡೀ ದಿನ ಕಾಲು ನೆನೆಸಿ ನಿಲ್ಲೋರು, ಬೆನ್ನಿಗೆ ಪಂಪು ಕಟ್ಟಿ ಎಣ್ಣೆ ಹೊಡೆಯೋರು, ಬೇಸಿಗೆಯ ಬೆವರುಗುಳ್ಳೆ. ಈ ಮೂರರಲ್ಲಿ ಯಾವುದು ಅಂತ ಮೆಡಿಕಲ್ ಕೌಂಟರಿನ ಈಚೆ ನಿಂತು ಹೇಳೋಕೆ ಯಾರಿಗೂ ಆಗಲ್ಲ.

ಮನೆಯಲ್ಲಿ ಮಾತ್ರ ತೀರ್ಪು ಬೇಗ ಬರುತ್ತೆ. "ಗುಳಿಗಿ ಹೀಟ್ ಆಗ್ಯಾದ, ನಾಕು ದಿನ ಬಿಡು." ಹಿರಿಯರಿದ್ದರೆ "ಪಿತ್ತದ ಗಂದೆ" ಅಂತಾರೆ. ನಾಕು ದಿನ ಬಿಟ್ಟಾಗ ತುರಿಕೆ ಕಮ್ಮಿ ಆದರಂತೂ ಮುಗಿದೇ ಹೋಯ್ತು, ಮತ್ತೆ ಡಬ್ಬಿ ತೆಗೆಯಲ್ಲ.

ಸಿ ಇದ್ದವರು ಹೀಗೆ ಮಧ್ಯದಲ್ಲಿ ಬಿಟ್ಟರೆ ವೈರಸ್ ಪೂರ್ತಿ ಹೋಗದೆ ಉಳಿಯಬಹುದು, ಮುಂದೆ ಅದೇ ಗುಳಿಗಿಗೆ ಬಗ್ಗದೇ ಇರಬಹುದು. ಬಿ ಇದ್ದವರ ಕಥೆ ಇನ್ನೂ ಗಂಭೀರ. ಆ ಗುಳಿಗಿ ವೈರಸ್‌ನ ಓಡಿಸಲ್ಲ, ಅದುಮಿ ಇಟ್ಟಿರುತ್ತೆ. ಡಾಕ್ಟರಿಗೆ ಹೇಳದೆ ಥಟ್ಟನೆ ನಿಲ್ಲಿಸಿದರೆ ವೈರಸ್ ಮತ್ತೆ ಎದ್ದು ಲಿವರ್ ಒಮ್ಮೆಲೇ ಊದಿಕೊಳ್ಳಬಹುದು. ಮೊದಲೇ ಲಿವರ್ ಸೋತಿರೋರಲ್ಲಿ ಇದು ಜೀವಕ್ಕೇ ಬರುತ್ತೆ.

ಸೂಜಿ, ಟ್ಯೂಬು, ಗ್ಯಾಸ್ ಗುಳಿಗಿ

ಗುಳಿಗಿ ಬಿಡದೆ ತುರಿಕೆಗೆ ಔಷಧಿ ಹುಡುಕಿಕೊಂಡು ಹೋಗೋರ ದಾರಿಯಲ್ಲೂ ಗುಂಡಿಗಳಿವೆ.

ಹಳ್ಳಿ ಕಡೆ ತುರಿಕೆ, ಅಲರ್ಜಿ ಅಂದ ತಕ್ಷಣ ಬೀಳೋದು ಎರಡು ಸೂಜಿ: ಒಂದು ಡೆಕ್ಸಾಮೆಥಾಸೋನ್, ಇನ್ನೊಂದು ಫೆನಿರಾಮೈನ್. ಹತ್ತು ನಿಮಿಷದಲ್ಲಿ ಆರಾಮ ಅನ್ನಿಸುತ್ತೆ, ಸೂಜಿ ಹಾಕಿದವರ ಹೆಸರೂ ಮೇಲಾಗುತ್ತೆ. ಆದರೆ ಡಕ್ಲಾಟಾಸ್ವಿರ್ ತಗೊಳ್ಳೋರಿಗೆ ಡೆಕ್ಸಾಮೆಥಾಸೋನ್ ಸೂಜಿ ಅಥವಾ ಗುಳಿಗಿ ಕೊಡಬಾರದು ಅಂತ ಆ ಔಷಧಿಯ ಯುರೋಪಿನ ಮಾಹಿತಿಪತ್ರದಲ್ಲೇ ಬರೆದಿದೆ. ಡೆಕ್ಸಾ ಮೈಯಲ್ಲಿದ್ದರೆ ಲಿವರ್ ಡಕ್ಲಾಟಾಸ್ವಿರ್ ಅನ್ನು ಬೇಗ ಕರಗಿಸಿಬಿಡುತ್ತೆ, ರಕ್ತದಲ್ಲಿ ಇರಬೇಕಾದಷ್ಟು ಔಷಧಿ ಉಳಿಯಲ್ಲ. ಬಿ ಇದ್ದು ಚಿಕಿತ್ಸೆ ತಗೊಳ್ಳದವರಲ್ಲಿ ಸ್ಟಿರಾಯ್ಡ್ ಪದೇ ಪದೇ ಬಿದ್ದರೆ ಮಲಗಿದ್ದ ವೈರಸ್ ಏಳಬಹುದು. ಎರಡನೇ ಸೂಜಿ ನಿದ್ದೆ ಬರಿಸುವಂಥದ್ದು. ಸಿರೋಸಿಸ್ ಜೋರಾಗಿರೋರಲ್ಲಿ ನಿದ್ದೆ ಔಷಧಿಗಳಿಂದ ಮಂಪರು, ಗೊಂದಲ, ಪ್ರಜ್ಞೆ ತಪ್ಪೋವರೆಗೂ ಹೋಗಬಹುದು. ಮನೆಯವರು "ಪಾಪ, ತುರಿಕೆ ಹೋಗಿ ಚೆನ್ನಾಗಿ ಮಲಗ್ಯಾನ" ಅಂದುಕೊಂಡಿರುತ್ತಾರೆ.

ಸೂಜಿ ಹೊಸದೋ ಹಳೇದೋ ಅನ್ನೋ ಪ್ರಶ್ನೆ ಬೇರೆ. ಒಬ್ಬರಿಗೆ ಬಳಸಿದ ಸಿರಿಂಜ್ ಇನ್ನೊಬ್ಬರಿಗೆ ಬಳಸೋದೇ ಬಿ, ಸಿ ಹರಡೋ ಮುಖ್ಯ ದಾರಿಗಳಲ್ಲಿ ಒಂದು. ರೋಗ ತಂದ ಬಾಗಿಲಿಗೇ ರೋಗದ ತುರಿಕೆಗೆ ಮದ್ದು ಕೇಳಿಕೊಂಡು ಹೋದಂತಾಗುತ್ತೆ.

ಇನ್ನು ಟ್ಯೂಬು. ಗಜಕರ್ಣ, ಕಜ್ಜಿ, ಅಲರ್ಜಿ ಎಲ್ಲಕ್ಕೂ ಒಂದೇ ಅಂತ ಕೊಡೋ ಮಿಕ್ಸ್ ಕ್ರೀಮುಗಳಲ್ಲಿ ಕ್ಲೋಬೆಟಾಸೋಲ್‌ನಂಥ ಬಲವಾದ ಸ್ಟಿರಾಯ್ಡ್ ಇರುತ್ತೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿತು. ಕಾಗದದ ಮೇಲೆ ಕಟ್ಟುನಿಟ್ಟು. ಚರ್ಮದ ಡಾಕ್ಟರೇ ನೋಡಿ, ಇಷ್ಟು ದಿನ, ಇಲ್ಲಿಗೆ ಮಾತ್ರ ಅಂತ ಕೊಟ್ಟರೆ ಸ್ಟಿರಾಯ್ಡ್ ಕ್ರೀಮು ಒಳ್ಳೆ ಔಷಧಿಯೇ. ತಿಂಗಳುಗಟ್ಟಲೆ ಮೈ ತುಂಬ ಬಳಿದರೆ ಚರ್ಮ ತೆಳ್ಳಗಾಗುತ್ತೆ, ಗಜಕರ್ಣ ಇದ್ದರೆ ವೇಷ ಮರೆಸಿಕೊಂಡು ಹರಡುತ್ತೆ, ಆಮೇಲೆ ಡಾಕ್ಟರಿಗೂ ಅದು ಔಷಧಿಯ ದದ್ದೋ ಹುಳುಕಡ್ಡಿಯೋ ಗುರುತು ಹಿಡಿಯೋದು ಕಷ್ಟ.

ತುರಿಕೆ ಗುಳಿಗಿ ಜೊತೆ ಕೇಳದೇ ಇದ್ದರೂ ಸೇರಿಕೊಳ್ಳೋ ಗ್ಯಾಸ್ ಗುಳಿಗಿಯನ್ನೂ ಮರೆಯೋಹಾಗಿಲ್ಲ. ವೆಲ್ಪಟಾಸ್ವಿರ್ ಮೈಗೆ ಹಿಡಿಯೋಕೆ ಹೊಟ್ಟೆಯಲ್ಲಿ ಆಮ್ಲ ಬೇಕು. ಒಮೆಪ್ರಜೋಲ್ ತರದ್ದು ನುಂಗಿದರೆ ಅದು ಸರಿಯಾಗಿ ಹೀರಲ್ಲ.

ಇಲ್ಲಿ ಮೆಡಿಕಲ್ ಶಾಪಿನವರನ್ನೇ ಬೈದು ಕೂರೋದು ಸುಲಭ, ನ್ಯಾಯ ಅಲ್ಲ. ರೋಗಿ ಹೆಪಟೈಟಿಸ್ ಗುಳಿಗಿ ತಗೊಳ್ತಿದ್ದೀನಿ ಅಂತ ಬಾಯಿ ಬಿಡದಿದ್ದರೆ ಅವರಿಗೆ ತಿಳಿಯೋದಾದರೂ ಹೇಗೆ? ಆ ಗುಳಿಗಿ ಅವರ ಅಂಗಡಿಯದ್ದಲ್ಲ, ಸರ್ಕಾರಿ ಡಬ್ಬಿ, ಮನೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿರುತ್ತೆ.

ಬಚ್ಚಿಡೋದಕ್ಕೂ ಕಾರಣ ಇದೆ. ಕೈಮೇಲೆ ದದ್ದು ಕಂಡರೆ ಗಿರಾಕಿ ಚಿಲ್ಲರೆ ಇಸ್ಕೊಳ್ಳೋಕೂ ಹಿಂದೆ ಮುಂದೆ ನೋಡ್ತಾರೆ. ಕಿರಾಣಿ, ಹೋಟೆಲ್, ಚಹಾದಂಗಡಿ, ಹೂವಿನ ವ್ಯಾಪಾರ ಮಾಡೋರಿಗೆ ಇದು ಹೊಟ್ಟೆ ಮೇಲಿನ ಪೆಟ್ಟು. ವಿಷಯ ಸ್ಪಷ್ಟ ಇರಲಿ: ಔಷಧಿಯಿಂದ ಬಂದ ದದ್ದು ಅಂಟುರೋಗ ಅಲ್ಲ. ಹೆಪಟೈಟಿಸ್ ಬಿ, ಸಿ ಕೂಡ ಕೈ ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಲೋಟದಲ್ಲಿ ಚಹಾ ಕುಡಿದರೆ, ನೋಟು ಚಿಲ್ಲರೆ ಕೊಟ್ಟು ತಗೊಂಡರೆ ಹರಡಲ್ಲ. ಹರಡೋದು ರಕ್ತದಿಂದ, ಬಿ ಲೈಂಗಿಕ ಸಂಪರ್ಕದಿಂದ ಮತ್ತು ತಾಯಿಯಿಂದ ಮಗುವಿಗೆ ಕೂಡ. ಹಾಗಾಗಿ ಕೆರೆದು ರಕ್ತ ಬಂದ ಜಾಗ ಮುಚ್ಚಿಕೊಳ್ಳಬೇಕು, ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜೋ ಬ್ರಷ್ಷು ಮನೆಯಲ್ಲೂ ಬೇರೆ ಇಟ್ಟುಕೊಳ್ಳಬೇಕು. ಕ್ಷೌರದಂಗಡಿಯಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಕೇಳೋದು ರೋಗಿಯಷ್ಟೇ ಅಲ್ಲ, ಎಲ್ಲರೂ ಮಾಡಬೇಕಾದ ಕೆಲಸ.

ಮನೆಯಲ್ಲಿ ಏನು, ಆಸ್ಪತ್ರೆಗೆ ಯಾವಾಗ

ತುರಿಕೆ ಸಾಧಾರಣ ಇದ್ದು ಜ್ವರ ಇಲ್ಲದಿದ್ದರೆ ಬಹಳಷ್ಟು ಮನೆಯಲ್ಲೇ ತಡೆಯಬಹುದು. ಬಿಸಿ ಬಿಸಿ ನೀರಿನ ಸ್ನಾನ ಬಿಡಬೇಕು, ಅದು ಆ ಕ್ಷಣಕ್ಕೆ ಹಿತ, ಆಮೇಲೆ ಇನ್ನೂ ಕೆರೆತ. ಉಗುರುಬೆಚ್ಚಗಿನ ಅಥವಾ ತಣ್ಣೀರು, ಖಾರದ ಸೋಪು ಬೇಡ. ಮೈ ಒರೆಸಿದ ಕೂಡಲೇ ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿದರೆ ಚರ್ಮ ಒಣಗಲ್ಲ. ಕ್ಯಾಲಮೈನ್ ಲೋಷನ್ ಆಗುತ್ತೆ. ಉಗುರು ಕತ್ತರಿಸಿ, ಸಡಿಲ ಹತ್ತಿ ಬಟ್ಟೆ ಹಾಕಿ, ತುರಿಕೆ ಬಂದ ಕಡೆ ಕೆರೆಯೋ ಬದಲು ಒದ್ದೆ ಬಟ್ಟೆ ಇಡಬಹುದು. ರಿಬಾವಿರಿನ್ ತಗೊಳ್ಳೋರು ನಡುಮಧ್ಯಾಹ್ನದ ಬಿಸಿಲು ತಪ್ಪಿಸೋದು ಒಳ್ಳೇದು, ಆದರೆ ಹೊಲದ ಕೆಲಸದವರಿಗೆ ಇದನ್ನ ಹೇಳೋದು ಸುಲಭ, ಮಾಡೋದು ಕಷ್ಟ. ತುಂಬು ತೋಳಿನ ಅಂಗಿ, ತಲೆಗೆ ಟವೆಲ್ಲಾದರೂ ಇರಲಿ. ಸೆಟ್ರಿಜಿನ್‌ನಂಥ ಗುಳಿಗಿ ಕೂಡ ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಒಂದು ಮಾತು ಕೇಳಿಯೇ.

ಆದರೆ ದದ್ದಿನ ಜೊತೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಮುಖ ಅಥವಾ ತುಟಿ ಊತ, ಉಸಿರಾಟಕ್ಕೆ ತೊಂದರೆ, ನೀರು ತುಂಬಿದ ಬೊಬ್ಬೆ, ಚರ್ಮ ಸುಲಿಯೋದು, ಇದರಲ್ಲಿ ಒಂದು ಕಂಡರೂ ಅದು ಮನೆಮದ್ದಿನ ಹೊತ್ತಲ್ಲ. ಮುಂದಿನ ಗುಳಿಗಿ ನುಂಗದೆ, ಡಬ್ಬಿ ಕೈಯಲ್ಲಿ ಹಿಡಿದು ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಕಣ್ಣು, ಮೂತ್ರ ಹಳದಿಯಾದರೂ ತಡ ಮಾಡಬಾರದು. ಇದು ಹೆದರಿಸೋ ಮಾತಲ್ಲ. ಹೆಪಟೈಟಿಸ್ ಸಿಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಟೆಲಾಪ್ರೆವಿರ್ ಅನ್ನೋ ಔಷಧಿಯಿಂದ ಜೋರು ದದ್ದು ಎದ್ದರೂ ಗುಳಿಗಿ ಮುಂದುವರಿಸಿದವರಲ್ಲಿ ಸಾವುಗಳಾಗಿ, 2012ರ ಡಿಸೆಂಬರಿನಲ್ಲಿ ಅಲ್ಲಿನ ಎಫ್‌ಡಿಎ ಕಟ್ಟು ಹಾಕಿದ ಎಚ್ಚರಿಕೆ ಕೊಡಬೇಕಾಯಿತು. ಆ ಔಷಧಿ ಈಗ ಬಳಕೆಯಲ್ಲಿಲ್ಲ. ಈಗಿನವು ಅದಕ್ಕಿಂತ ಎಷ್ಟೋ ಸೌಮ್ಯ, ಹಾಗಂತ ಜೋರು ದದ್ದನ್ನ ಸಹಿಸಿಕೊಂಡು ಕೂರೋಹಾಗಿಲ್ಲ.

ಅಂದರೆ ಸಣ್ಣ ತುರಿಕೆಗೆ ಗುಳಿಗಿ ಬಿಡಬಾರದು, ದೊಡ್ಡ ದದ್ದಿಗೆ ಗುಳಿಗಿ ಹಿಡಿದು ಕೂರಬಾರದು. ಎರಡರ ನಡುವಿನ ಗೆರೆ ಎಲ್ಲಿದೆ ಅಂತ ಹೇಳೋಕೆ ಒಬ್ಬ ತಿಳಿದವರು ಫೋನಿನಲ್ಲಾದರೂ ಸಿಗಬೇಕು. ತಾಲ್ಲೂಕಿನವರಿಗೆ ಇಲ್ಲದಿರೋದು ಅದೇ. ಸಿಂಧನೂರಿನಿಂದ ರಾಯಚೂರು 80 ಕಿ.ಮೀ.ಗಿಂತ ಹೆಚ್ಚು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಇಲ್ಲ, ದಿನದ ಕೂಲಿ ಮಾತ್ರ ಹೋಗುತ್ತೆ. ಗಂಡಸರಿಗೆ ಎರಡೂ. ಬರೀ ತುರಿಕೆ ತೋರಿಸೋಕೆ ಯಾರು ಹೋಗ್ತಾರೆ? ಹತ್ತು ಹೆಜ್ಜೆಗೆ ಮೆಡಿಕಲ್ ಇದೆ.

ಇದಕ್ಕೆ ಹೊಸ ಕಟ್ಟಡ, ಹೊಸ ಯೋಜನೆ ಬೇಕಿಲ್ಲ. ಗುಳಿಗಿ ಕೊಡೋವಾಗಲೇ ಕನ್ನಡದಲ್ಲಿ ಅರ್ಧ ಹಾಳೆ: ಯಾವ ತುರಿಕೆಗೆ ಏನು, ಯಾವ ಸೂಜಿ ಬೇಡ, ಯಾವ ನಂಬರಿಗೆ ಫೋನ್ ಮಾಡಬೇಕು. ತಾಲ್ಲೂಕು ಆಸ್ಪತ್ರೆಯ ಒಬ್ಬ ಸಿಬ್ಬಂದಿಗೆ ಈ ರೋಗಿಗಳನ್ನ ಎರಡು ವಾರಕ್ಕೊಮ್ಮೆ ಕೇಳೋ ಜವಾಬ್ದಾರಿ. ಮೆಡಿಕಲ್ ಶಾಪುಗಳಲ್ಲಿ ತುರಿಕೆಗೆ ಔಷಧಿ ಕೇಳಿದವರಿಗೆ ಒಂದೇ ಪ್ರಶ್ನೆ: ಬೇರೆ ಯಾವ ಗುಳಿಗಿ ತಗೊಳ್ತಿದ್ದೀರಿ? ಬೇರೆ ಗಿರಾಕಿಗಳ ಮುಂದೆ ಜೋರಾಗಿ ಅಲ್ಲ, ಮೆಲ್ಲಗೆ.

ಅಲ್ಲಿಯವರೆಗೆ ರೋಗಿಗಳು ಮಾಡಬಹುದಾದ್ದು ಇಷ್ಟು. ಡಬ್ಬಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಎಲ್ಲಿ ಔಷಧಿ ತಗೊಂಡರೂ ತೋರಿಸೋದು. ಚಿಕಿತ್ಸಾ ಕೇಂದ್ರದಿಂದ ಹೊರಡೋ ಮೊದಲು ಅಲ್ಲಿನ ಫೋನ್ ನಂಬರ್ ಕೇಳಿ ಬರೆದುಕೊಳ್ಳೋದು. ಔಷಧಿಯಿಂದ ತೊಂದರೆಯಾದರೆ ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ನೇರವಾಗಿ ತಿಳಿಸಬಹುದು, ಡಾಕ್ಟರ್ ಮೂಲಕವೇ ಹೋಗಬೇಕು ಅಂತಿಲ್ಲ. ಸಿ ಇದ್ದವರು ಕೊನೇ ಗುಳಿಗಿ ನುಂಗಿದ ಮೇಲೂ ಇನ್ನೊಂದು ದಿನಾಂಕ ಗುರುತು ಹಾಕಿಕೊಳ್ಳಬೇಕು. 12 ವಾರ ಬಿಟ್ಟು ಒಂದು ರಕ್ತ ಪರೀಕ್ಷೆ ಇದೆ, ವೈರಸ್ ಹೋಯ್ತೋ ಇಲ್ಲವೋ ಅಂತ ಗೊತ್ತಾಗೋದು ಅವತ್ತೇ.