ಗೆದ್ದವರ ಕಂಬದಲ್ಲಿ ಸೋತವರ ಕಥೆ

ರೋಮ್ ನಗರದಲ್ಲಿ ಇಂದಿಗೂ ನಿಂತಿರುವ ಪ್ರಾಚೀನ ಸ್ಮಾರಕಗಳಲ್ಲಿ ಟ್ರೇಜನ್ ಚಕ್ರವರ್ತಿಯ ವಿಜಯಸ್ತಂಭವು ಪ್ರಖ್ಯಾತವಾದುದು. ಕ್ರಿ. ಶ. ೧೧೩ರಲ್ಲಿ ಪ್ರತಿಷ್ಠಿತವಾದ ಈ ಅಮೃತಶಿಲೆಯ ಕಂಬವು ಪೀಠವೂ ಸೇರಿ ಸುಮಾರು ೧೨೫ ಅಡಿ ಎತ್ತರವಾಗಿರುವುದು. ಮರವನ್ನು ಬಳ್ಳಿಯು ಹಬ್ಬುವಂತೆ ಕೆತ್ತನೆಯ ಪಟ್ಟಿಯೊಂದು ಬುಡದಿಂದ ತುದಿಯವರೆಗೆ ಅದನ್ನು ಸುತ್ತಿಕೊಂಡಿದೆ. ಅದರಲ್ಲಿರುವ ೨,೫೦೦ಕ್ಕೂ ಮಿಕ್ಕ ಮನುಷ್ಯಾಕೃತಿಗಳು ಹೇಳುವುದು ಒಂದೇ ಕಥೆಯನ್ನು: ಡೇಸಿಯನ್ನರೆಂಬ ಜನರನ್ನು ರೋಮನರು ಗೆದ್ದ ಕಥೆಯನ್ನು. ಗೆದ್ದವರು ಕೆತ್ತಿಸಿದ ಈ ಕಥೆಯಲ್ಲಿ ಸೋತವರನ್ನು ಗುರುತಿಸುವುದು ಹೇಗೆಂಬುದೇ ಈ ತಿಂಗಳ ನಮ್ಮ ವಿಚಾರ.

ಡೇಸಿಯನ್ನರು ಡ್ಯಾನ್ಯೂಬ್ ನದಿಯ ಉತ್ತರಕ್ಕೆ, ಕಾರ್ಪೇಥಿಯನ್ ಪರ್ವತಗಳ ನಡುವೆ, ಈಗಿನ ರುಮೇನಿಯಾ ದೇಶದಲ್ಲಿ ವಾಸವಾಗಿದ್ದರು. ಬೇಸಾಯ, ಪಶುಪಾಲನೆಗಳ ಜೊತೆಗೆ ಲೋಹದ ಕೆಲಸದಲ್ಲಿಯೂ ಅವರು ನಿಪುಣರು. ಅವರ ಬೆಟ್ಟಗಳಲ್ಲಿ ಚಿನ್ನವಿದ್ದಿತು. ಕುಡುಗೋಲಿನಂತೆ ಒಳಕ್ಕೆ ಬಾಗಿದ ಅವರ ಕತ್ತಿಗೆ ರೋಮನ್ ಸಿಪಾಯಿಗಳು ಅಂಜುತ್ತಿದ್ದರು. ಕ್ರಿ. ಪೂ. ಒಂದನೆಯ ಶತಮಾನದಲ್ಲಿ, ಜೂಲಿಯಸ್ ಸೀಜರನ ಕಾಲದಲ್ಲಿಯೇ, ಬುರೆಬಿಸ್ತನೆಂಬ ಅರಸನು ಅವರನ್ನು ಒಗ್ಗೂಡಿಸಿದ್ದನು. ಅವನ ಮರಣಾನಂತರ ರಾಜ್ಯವು ಒಡೆದುಹೋಯಿತು.

ಅವರಿಗೆ ಮತ್ತೆ ಬಲವನ್ನು ತಂದವನು ಡೆಸಿಬಾಲಸ್. ಡೊಮಿಷಿಯನ್ ಚಕ್ರವರ್ತಿಯ ಆಳಿಕೆಯಲ್ಲಿ ಡೇಸಿಯನ್ನರು ಡ್ಯಾನ್ಯೂಬನ್ನು ದಾಟಿ ರೋಮನರ ಪ್ರಾಂತಾಧಿಕಾರಿಯನ್ನೇ ಕೊಂದರು. ಅವರ ಮೇಲೆ ದಂಡೆತ್ತಿ ಹೋದ ಕಾರ್ನೀಲಿಯಸ್ ಫಸ್ಕಸನೂ ರಣರಂಗದಲ್ಲಿ ಬಿದ್ದನು. ಕ್ರಿ. ಶ. ೮೯ರಲ್ಲಿ ಸಂಧಿಯಾಯಿತು. ಡೆಸಿಬಾಲಸನು ರೋಮಿನ ಮೇಲಾಳಿಕೆಯನ್ನು ಹೆಸರಿಗೆ ಒಪ್ಪಿದನು. ರೋಮಾದರೋ ಅವನಿಗೆ ಹಣವನ್ನೂ ಕುಶಲ ಶಿಲ್ಪಿಗಳನ್ನೂ ಕಳುಹಿಸಿಕೊಟ್ಟಿತು. ಲೋಕವನ್ನಾಳುವ ರೋಮು ಬೆಟ್ಟದ ದೊರೆಗೆ ಹಣ ತೆರುವುದು ರೋಮನರಿಗೆ ಅವಮಾನವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಆ ಅವಮಾನವನ್ನು ತೊಳೆಯಲು ಟ್ರೇಜನನು ಕ್ರಿ. ಶ. ೧೦೧ರಲ್ಲಿ ದಂಡೆತ್ತಿ ಬಂದನು. ಮರುವರ್ಷ ಡೆಸಿಬಾಲಸನು ಶರಣಾಗತನಾಗಿ, ಆಯುಧಗಳನ್ನು ಒಪ್ಪಿಸುವುದಾಗಿಯೂ ಕೋಟೆಗಳನ್ನು ಕೆಡಹುವುದಾಗಿಯೂ ಮಾತುಕೊಟ್ಟನು. ಆದರೆ ರೋಮನರ ಸೇನೆ ಹಿಂದಿರುಗಿದ ಬಳಿಕ ಅವನು ಕೋಟೆಗಳನ್ನು ಮತ್ತೆ ಕಟ್ಟಲಾರಂಭಿಸಿದನು. ಇತ್ತ ಟ್ರೇಜನನ ಶಿಲ್ಪಿಯಾದ ಡಮಾಸ್ಕಸ್ಸಿನ ಅಪೊಲೊಡೋರಸನು ಡ್ಯಾನ್ಯೂಬಿಗೆ ೨೦ ಕಲ್ಲುಕಂಬಗಳ ಮೇಲೆ ಮುಕ್ಕಾಲು ಮೈಲಿಗೆ ಸಮೀಪವಾದ ಸೇತುವೆಯನ್ನು ಕಟ್ಟಿದನು. ಕ್ರಿ. ಶ. ೧೦೫ರಲ್ಲಿ ಎರಡನೆಯ ಯುದ್ಧವು ಮೊದಲಾಗಿ, ೧೦೬ರಲ್ಲಿ ರಾಜಧಾನಿಯಾದ ಸಾರ್ಮಿಜೆಗೆಟೂಸಾ ಬಿದ್ದಿತು. ಸೆರೆಸಿಕ್ಕುವುದಕ್ಕಿಂತ ಸಾವೇ ಲೇಸೆಂದು ಡೆಸಿಬಾಲಸನು ತನ್ನ ಕತ್ತನ್ನು ತಾನೇ ಕೊಯ್ದುಕೊಂಡನು. ಅವನ ತಲೆಯನ್ನು ಚಕ್ರವರ್ತಿಗೆ ತಂದೊಪ್ಪಿಸಿದ ಸವಾರನ ಗೋರಿಗಲ್ಲು ೧೯೬೫ರಲ್ಲಿ ಗ್ರೀಸ್ ದೇಶದಲ್ಲಿ ದೊರೆಯಿತು. ಅರಸನು ನದಿಯನ್ನು ತಿರುಗಿಸಿ ಅದರ ತಳದಲ್ಲಿ ಹೂಳಿಸಿದ್ದ ಭಂಡಾರವನ್ನು ಸೆರೆಸಿಕ್ಕ ಅವನ ಆಪ್ತನೊಬ್ಬನು ತೋರಿಸಿಕೊಟ್ಟನೆಂದು ಚರಿತ್ರಕಾರ ಡಯೋ ಬರೆಯುತ್ತಾನೆ. ರೋಮಿನಲ್ಲಿ ೧೨೩ ದಿನಗಳ ಉತ್ಸವ ನಡೆಯಿತೆಂದೂ ಅವನೇ ಹೇಳುತ್ತಾನೆ.

ಇದಿಷ್ಟೂ ಗೆದ್ದವರ ಮಾತು. ಡೇಸಿಯನ್ನರು ತಮ್ಮ ಕಥೆಯನ್ನು ತಾವು ಹೇಳಿಕೊಂಡ ಗ್ರಂಥ ಒಂದೂ ಉಳಿದಿಲ್ಲ. ಅವರ ನುಡಿಯಲ್ಲಿ ಉಳಿದಿರುವುದು ಮುಖ್ಯವಾಗಿ ಜನರ ಮತ್ತು ಊರುಗಳ ಹೆಸರುಗಳು, ಹಳೆಯ ವೈದ್ಯಗ್ರಂಥದಲ್ಲಿ ಸೇರಿಕೊಂಡ ಕೆಲವು ಗಿಡಮೂಲಿಕೆಗಳ ಹೆಸರುಗಳು. ಟ್ರೇಜನನು ಈ ಯುದ್ಧವನ್ನು ಕುರಿತು ತಾನೇ ಬರೆದ ಗ್ರಂಥವೂ ನಷ್ಟವಾಗಿ, ಅದರ ಒಂದು ವಾಕ್ಯ ಮಾತ್ರ ನಮ್ಮ ಕಾಲಕ್ಕೆ ಬಂದಿದೆ. ಆದಕಾರಣ ಕಂಬವೇ ಮುಖ್ಯ ಸಾಕ್ಷಿ.

ಹೊಗಳಿಕೆಗಾಗಿ ನಿಲ್ಲಿಸಿದ ಸಾಕ್ಷಿಯಾದರೂ ಅದು ಬೇರೆ ಮಾತುಗಳನ್ನೂ ನುಡಿಯುತ್ತದೆ. ಸಿಪಾಯಿಗಳು ಶತ್ರುಗಳ ಕಡಿದ ತಲೆಗಳನ್ನು ಚಕ್ರವರ್ತಿಯ ಮುಂದೆ ಎತ್ತಿ ಹಿಡಿದಿದ್ದಾರೆ, ಹಳ್ಳಿಗಳಿಗೆ ಬೆಂಕಿಯಿಕ್ಕುತ್ತಿದ್ದಾರೆ. ಮರದ ಬುಡದಲ್ಲಿ ಮಂಡಿಯೂರಿದ ಡೆಸಿಬಾಲಸನನ್ನು ಸವಾರರು ಮುತ್ತುತ್ತಿದ್ದಾರೆ. ಅವನನ್ನು ಶಿಲ್ಪಿಯು ಹೇಡಿಯಂತೆ ಕೆತ್ತಿಲ್ಲ. ಎಲ್ಲಕ್ಕೂ ಮೇಲೆ, ಕಂಬದ ತುದಿಯಲ್ಲಿರುವುದು ಜಯಘೋಷವಲ್ಲ. ಮನೆಮಠಗಳನ್ನು ಬಿಟ್ಟು ದನಕುರಿಗಳೊಡನೆ ಹೊರಟ ಜನ. ಶತ್ರುವು ಶೂರನೆಂದು ತೋರಿಸಿದರೆ ತಮ್ಮ ಗೆಲುವಿಗೆ ಹಿರಿಮೆ ಬರುವುದೆಂದು ರೋಮನರು ಎಣಿಸಿರಬಹುದು. ಉದ್ದೇಶವೇನೇ ಇರಲಿ, ಸೋತವರ ಮಾನವನ್ನು ಉಳಿಸಿದುದು ಆ ಉಳಿಯೇ.

ಗೆದ್ದ ನಾಡನ್ನಾದರೂ ರೋಮು ಉಳಿಸಿಕೊಂಡಿತೆ? ಆರೀಲಿಯನ್ ಚಕ್ರವರ್ತಿಯು ಕ್ರಿ. ಶ. ೨೭೦ರ ದಶಕದಲ್ಲಿ ಸೇನೆಯನ್ನು ಡ್ಯಾನ್ಯೂಬಿನ ದಕ್ಷಿಣಕ್ಕೆ ಹಿಂದೆಗೆದನು. ಕಂಬದ ನೆತ್ತಿಯ ಮೇಲಿದ್ದ ಟ್ರೇಜನನ ಪ್ರತಿಮೆಯೂ ಕಾಣೆಯಾಗಿ, ೧೫೮೭ರಿಂದ ಅಲ್ಲಿ ಸಂತ ಪೀಟರನ ಪ್ರತಿಮೆ ನಿಂತಿದೆ. ಆದರೂ ಆ ನಾಡಿನ ಹೆಸರಿನಲ್ಲಿ ರೋಮಿನ ಹೆಸರಿದೆ. ಅಲ್ಲಿನ ಜನರ ನುಡಿಯು ಲ್ಯಾಟಿನ್ನಿನ ಮಗಳು. ಡೇಸಿಯನ್ನರ ನುಡಿಯಾದರೋ ಮರಳಲಿಲ್ಲ.

ಮನೆಯ ಮಕ್ಕಳು ಚರಿತ್ರೆಯ ಪಾಠವನ್ನು ಓದುವಾಗ, ಗೆದ್ದವನು ಯಾರೆಂದು ಕೇಳಿದ ಮೇಲೆ, ಈ ಕಥೆಯನ್ನು ಹೇಳಿದವನು ಯಾರೆಂದೂ ಹಿರಿಯರು ಕೇಳಬೇಕು.